ಯಾರೂ ಒಬ್ಬರೇ ಉಣ್ಣದ ಊರು

ಏಕಾದಶಿಯ ಉಪವಾಸ ಮಾಡಿದ ಹಿರಿಯರು ಮರುದಿನ ಪಾರಣೆಗೆ ಕೂರುವ ಮುನ್ನ ಅತಿಥಿ ಯಾರಾದರೂ ಬಂದಾರೇ ಎಂದು ಬಾಗಿಲ ಕಡೆ ನೋಡುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಉಪವಾಸ ಬಿಡುವಾಗ ಜೊತೆ ಬೇಕೆಂಬ ಈ ಹಂಬಲ ಒಂದು ಪಟ್ಟಣಕ್ಕೆ ಪಟ್ಟಣವೇ ಪಾಲಿಸಿದ ವಾಡಿಕೆಯಾಗಿದ್ದುದುಂಟು.

ಆ ಪಟ್ಟಣ ಸಿರಿಯಾ ದೇಶದ ಡಮಾಸ್ಕಸ್. ಕಾಲ 1326ರ ಆಗಸ್ಟ್; ಹಿಜರಿ 726ರ ರಂಜಾನ್ ತಿಂಗಳು. ಬೇಸಗೆಯ ಉದ್ದನೆಯ ಹಗಲು, ಗುಟುಕು ನೀರೂ ಕುಡಿಯದ ಉಪವಾಸ. ತಿಂಗಳ 9ನೆಯ ದಿನ 22 ವರ್ಷದ ತರುಣನೊಬ್ಬ ಆ ಊರನ್ನು ಸೇರಿದ. ಮೊರಾಕೊ ದೇಶದ ತಾಂಜಿಯರಿನಿಂದ ಮೆಕ್ಕಾ ಯಾತ್ರೆಗೆಂದು ಹೊರಟವನು. ಮುಂದೆ ಲೋಕಸಂಚಾರಿಯೆಂದು ಪ್ರಸಿದ್ಧನಾದ ಇಬ್ನ್ ಬತೂತನೇ ಈತ. ಆಗ ಇನ್ನೂ ಹೆಸರಿಲ್ಲದ ಪರದೇಶಿ.

ಅಲ್ಲಿ ಅವನು ಕಂಡ ಸಂಗತಿ ಇದು. ರಂಜಾನಿನ ರಾತ್ರಿಗಳಲ್ಲಿ ಡಮಾಸ್ಕಸಿನ ಯಾರೊಬ್ಬರೂ ಒಂಟಿಯಾಗಿ ಉಪವಾಸ ಬಿಡುತ್ತಿರಲಿಲ್ಲ. ಅಧಿಕಾರಿಗಳೂ ಖಾಜಿಗಳೂ ಸ್ನೇಹಿತರನ್ನು, ಫಕೀರರನ್ನು ಮನೆಗೆ ಕರೆಯುತ್ತಿದ್ದರು. ವರ್ತಕರೂ ಹಾಗೆಯೇ. ಇದರಲ್ಲೇನು ಆಶ್ಚರ್ಯ, ಉಳ್ಳವರು ಕರೆದು ಬಡಿಸಿದರು ಎನ್ನುವಿರಾ? ಬಡವರ ರೀತಿಯನ್ನು ಕೇಳಿ. ಅವರೂ, ಮರುಭೂಮಿಯ ಕಡೆಯ ಜನರೂ ದಿನವೂ ತಮ್ಮಲ್ಲೊಬ್ಬರ ಮನೆಯಲ್ಲೋ ಮಸೀದಿಯಲ್ಲೋ ಸೇರುತ್ತಿದ್ದರು. ತನ್ನ ಬಳಿ ಇದ್ದುದನ್ನು ಒಬ್ಬೊಬ್ಬನೂ ತರುತ್ತಿದ್ದ. ಎಲ್ಲವನ್ನೂ ಒಟ್ಟಿಗಿಟ್ಟು ಎಲ್ಲರೂ ಉಣ್ಣುತ್ತಿದ್ದರು. ಅಲ್ಲಿ ಕರೆದವನೂ ಇಲ್ಲ, ಕರೆಸಿಕೊಂಡವನೂ ಇಲ್ಲ. ನನಗಂತೂ ಶ್ರೀಮಂತರ ಔತಣಕ್ಕಿಂತ ಇದೇ ದೊಡ್ಡದೆನಿಸುತ್ತದೆ.

ನಮ್ಮ ತರುಣನನ್ನು ಕರೆದವರು ನೂರುದ್ದೀನ್ ಸಖಾವಿ ಎಂಬ ಧರ್ಮಶಾಸ್ತ್ರದ ಅಧ್ಯಾಪಕರು. ನಾಲ್ಕು ರಾತ್ರಿ ಹೋಗಿ ಉಂಡು ಬಂದ; ಐದನೆಯ ದಿನ ಜ್ವರ ಹಿಡಿಯಿತು, ಹೋಗಲಿಲ್ಲ. ಅಧ್ಯಾಪಕರು ಆಳು ಕಳುಹಿಸಿದರು. ಮೈಗೆ ಸರಿಯಿಲ್ಲವೆಂದು ಹೇಳಿದರೂ ಕೇಳಲಿಲ್ಲ. ಕಾಯಿಲೆಯವನಿಗೆ ಉಪವಾಸದಿಂದ ವಿನಾಯಿತಿ ಉಂಟು, ಆತಿಥ್ಯದಿಂದ ಮಾತ್ರ ಇರಲಿಲ್ಲ! ಅಂದು ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಹೊರಡುತ್ತೇನೆಂದರೆ ಬಿಡಲಿಲ್ಲ. ಇದು ನಿನ್ನದೇ ಮನೆ, ನಿನ್ನ ತಂದೆಯ ಮನೆಯೆಂದೇ ತಿಳಿ ಎಂದರು. ವೈದ್ಯನನ್ನು ಕರೆಸಿ, ಅವನು ಹೇಳಿದ ಔಷಧಿ, ಪಥ್ಯದ ಅಡಿಗೆ ಎಲ್ಲವನ್ನೂ ಮನೆಯಲ್ಲೇ ಮಾಡಿಸಿದರು. ಹಬ್ಬದ ಹೊತ್ತಿಗೆ ಹುಡುಗ ಗುಣವಾದ. ಕೈಯಲ್ಲಿದ್ದ ಹಣ ಮುಗಿದಿತ್ತು. ಅದನ್ನೂ ತಿಳಿದು, ಅವನಿಗೆ ಒಂಟೆಗಳನ್ನು ಬಾಡಿಗೆಗೆ ಗೊತ್ತುಮಾಡಿ, ದಾರಿಯ ಬುತ್ತಿಯನ್ನೂ ಮೇಲಿಷ್ಟು ಹಣವನ್ನೂ ಕೊಟ್ಟು ಯಾತ್ರಿಕರ ಜೊತೆ ಕಳುಹಿಸಿದರು.

ಇಬ್ನ್ ಬತೂತನ ಸಿರಿಯಾ ಪ್ರವಾಸದ ದಿನಗಳ ಲೆಕ್ಕ ಸರಿಹೊಂದುವುದಿಲ್ಲವೆಂದು ವಿದ್ವಾಂಸರು ಆಕ್ಷೇಪಿಸಿರುವುದುಂಟು. ಇರಲಿ. ಸುಮಾರು 30 ವರ್ಷಗಳ ಮೇಲೆ, 1355ರ ವೇಳೆಗೆ ಪೂರ್ಣವಾದ ಗ್ರಂಥವನ್ನು ನೆನಪಿನಿಂದ ಹೇಳಿ ಬರೆಸುವಾಗ ತಾರೀಖು ತಪ್ಪಬಹುದು. ಜ್ವರದಲ್ಲಿ ಕಾಪಾಡಿದವರ ಹೆಸರು ತಪ್ಪಲಿಲ್ಲ.

ಈತ ನಮ್ಮ ಕರಾವಳಿಗೂ ಬಂದವನು. 1342ರಲ್ಲಿ ದೆಹಲಿಯಿಂದ ಹೊರಟು, ಕಡಲ ದಾರಿಯಲ್ಲಿ ಹೊನ್ನಾವರದಲ್ಲಿ ಇಳಿದ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ತಿಂಗಳ ಬೆಳ್ದಿಂಗಳ ದಿನಗಳಲ್ಲೂ ಉಪವಾಸವಿರುತ್ತಿದ್ದವನು; ಉಪವಾಸ ಬಿಡಲು ಇವನನ್ನೂ ಕರೆಯುತ್ತಿದ್ದ. ಜೊತೆಗೆ ಇಬ್ಬರು ಶಾಸ್ತ್ರಜ್ಞರು. ನೆಲದ ಮೇಲೆ ನಾಲ್ಕು ಚಿಕ್ಕ ಪೀಠಗಳು. ನಮ್ಮ ಮಣೆಯಂಥವು ಇರಬೇಕು. ರೇಷ್ಮೆ ಉಟ್ಟ ದಾಸಿಯೊಬ್ಬಳು ತಾಮ್ರದ ಸೌಟಿನಲ್ಲಿ ಅನ್ನ ಬಡಿಸಿ ತುಪ್ಪ ಹಾಕುವಳು. ಪಕ್ಕದಲ್ಲಿ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು, ಎಲ್ಲದರ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಒಂದೊಂದಕ್ಕೂ ಮತ್ತೊಂದು ಸೌಟು ಅನ್ನ. ಕಡೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದು ಅವನೇ ಬರೆಸಿದ್ದಾನೆ.

ಮತ್ತೊಮ್ಮೆ ಇದೇ ಸುಲ್ತಾನನ ಬಳಿ 11 ತಿಂಗಳು ಇದ್ದನಂತೆ, ಅಷ್ಟು ದಿನವೂ ಬರಿಯ ಅನ್ನ. ಗೋಧಿ ರೊಟ್ಟಿ ತಿಂದು ಬೆಳೆದವನು ಪಾಪ, ಕಡೆಕಡೆಗೆ ಅನ್ನ ಗಂಟಲಲ್ಲಿ ಇಳಿಯಬೇಕಾದರೆ ನೀರು ಕುಡಿಯಬೇಕಾಗುತ್ತಿತ್ತು ಎಂದು ಹೇಳಿಕೊಂಡಿದ್ದಾನೆ.