ಸರ್ಟಿಫಿಕೇಟ್ ತೇಲುವುದಿಲ್ಲ

ಮೇಲೆ ಬಣ್ಣ ಚೆನ್ನಾಗಿದ್ದರೆ ಒಳಗಿನ ಹುಳುಕು ಯಾರಿಗೂ ಕಾಣಲ್ಲ. ಇವತ್ತು ಅಂಥದ್ದೇ ಒಂದು ಹಡಗಿನ ಕಥೆ ಹೇಳ್ತೀನಿ, ಕೇಳಿ.

ಹೆಸರು ಜನರಲ್ ಸ್ಲೋಕಮ್. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಟ್ಟಿದ ಮರದ ಹಡಗು. ಮೂರು ಅಂತಸ್ತು, ಆವಿ ಎಂಜಿನ್, ಎರಡೂ ಪಕ್ಕದಲ್ಲಿ ದೊಡ್ಡ ಚಕ್ರ. ಇದರ ಕೆಲಸ ಏನು? ಬೇಸಿಗೆಯಲ್ಲಿ ಊರಿನ ಜನರನ್ನು ಸಮುದ್ರತೀರಕ್ಕೆ ಕರೆದುಕೊಂಡು ಹೋಗಿ ವಾಪಸ್ ತರೋದು. ಸಂಘದವರು, ಚರ್ಚಿನವರು ಪಿಕ್ನಿಕ್‌ಗೆ ಬಾಡಿಗೆಗೂ ಹಿಡಿಯುತ್ತಿದ್ದರು. ಹದಿಮೂರು ವರ್ಷ ದುಡಿಯಿತು. ನಡುನಡುವೆ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು, ಬೇರೆ ದೋಣಿಗೆ ಡಿಕ್ಕಿ ಹೊಡೆಯಿತು. ರಿಪೇರಿ ಆಯ್ತು, ಮತ್ತೆ ಹೊರಟಿತು.

1904ರ ಜೂನ್ 15, ಬುಧವಾರ. ಜರ್ಮನ್ ವಲಸಿಗರ ಬಡಾವಣೆಯ ಒಂದು ಚರ್ಚು 350 ಡಾಲರ್ ಕೊಟ್ಟು ಹಡಗು ಹಿಡಿದಿತ್ತು. ಕೆಲಸದ ದಿನ, ಗಂಡಸರು ಕಡಿಮೆ. ಹತ್ತಿದ್ದ 1,300ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಹೆಂಗಸರು, ಮಕ್ಕಳು.

ಈಸ್ಟ್ ನದಿಯಲ್ಲಿ ಹೋಗ್ತಾ ಇದ್ದಾಗ ಮುಂಭಾಗದ ಕೋಣೆಯಲ್ಲಿ ಬೆಂಕಿ. ಸಿಬ್ಬಂದಿ ನೀರಿನ ಪೈಪು ಬಿಚ್ಚಿದರೆ ಅದು ಒಡೆದೇಹೋಯಿತು. ಬೆಂಕಿ ಆರಿಸುವ ತಾಲೀಮು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಬಿಗಿದು ಕಟ್ಟಿದ್ದ ಲೈಫ್‌ಬೋಟುಗಳನ್ನು ಇಳಿಸೋಕೇ ಆಗಲಿಲ್ಲ. ತಾಯಂದಿರು ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ ನೀರಿಗೆ ಬಿಟ್ಟರು. ಆ ಜಾಕೆಟ್ಟುಗಳಿಗೂ ಹಡಗಿನಷ್ಟೇ ವಯಸ್ಸು. ಬಟ್ಟೆ ಎಳೆದರೆ ಹರಿಯುತ್ತಿತ್ತು, ಒಳಗಿನ ಬೆಂಡು ಪುಡಿಪುಡಿ. ತೇಲಿಸಬೇಕಾದ ಜಾಕೆಟ್ಟೇ ಮುಳುಗಿಸಿತು. ಅವತ್ತು ಸತ್ತವರು 1,021 ಮಂದಿ.

ಈಗ ಹೊಟ್ಟೆ ಉರಿಯೋ ವಿಷಯ. ಕೇವಲ ಆರು ವಾರದ ಹಿಂದೆ ಸರ್ಕಾರದ ತಪಾಸಣಾಧಿಕಾರಿ ಇದೇ ಹಡಗಿಗೆ ಬಂದು, ಎಲ್ಲವೂ ಸರಿಯಾಗಿದೆ ಅಂತ ಸಹಿ ಹಾಕಿ ಹೋಗಿದ್ದ!

ಶಿಕ್ಷೆ ಯಾರಿಗಾಯ್ತು? ಕ್ಯಾಪ್ಟನ್ ವ್ಯಾನ್ ಶೈಕ್‌ಗೆ ಹತ್ತು ವರ್ಷ ಜೈಲು. ಮೂರೂವರೆ ವರ್ಷ ಕಳೆದ ಮೇಲೆ ಬಿಡುಗಡೆ, 1912ರಲ್ಲಿ ಅಧ್ಯಕ್ಷ ಟಾಫ್ಟ್ ಅವರಿಂದ ಕ್ಷಮಾದಾನ. ತಪಾಸಣಾಧಿಕಾರಿ ಮೇಲೆ ವಿಚಾರಣೆ ಮೇಲೆ ವಿಚಾರಣೆ ನಡೆದರೂ ಅಪರಾಧ ಸಾಬೀತಾಗಲಿಲ್ಲ. ಹಡಗಿನ ಕಂಪನಿ? ಒಂದಿಷ್ಟು ದಂಡ ಕಟ್ಟಿತು, ಅಷ್ಟೇ. ಕೈಗೆ ಸಿಕ್ಕವನು ಜೈಲಿಗೆ, ಕಾಸು ಎಣಿಸಿದವರು ಮನೆಗೆ.

ಸುಟ್ಟು ಉಳಿದ ಹಡಗನ್ನೂ ಬಿಡಲಿಲ್ಲ. ನೀರಿನಿಂದ ಎತ್ತಿ, ಮೇರಿಲ್ಯಾಂಡ್ ಅಂತ ಹೊಸ ಹೆಸರಿಟ್ಟು, ಸರಕು ಸಾಗಿಸೋಕೆ ಹಚ್ಚಿದರು. 1911ರಲ್ಲಿ ಅದೂ ಮುಳುಗಿತು.

ದುರಂತದ ನಂತರ ಅಮೆರಿಕ ತಪಾಸಣೆ ಬಿಗಿ ಮಾಡಿತು. ಅಷ್ಟಕ್ಕೆ ತೆತ್ತ ಬೆಲೆ ಸಾವಿರ ಜೀವ.

ಮುಂದಿನ ಸಲ ನೀವು ಮಕ್ಕಳ ಜೊತೆ ಬೋಟು ಹತ್ತುವಾಗ, ಕೈಗೆ ಕೊಟ್ಟ ಜಾಕೆಟ್ಟಿನ ಪಟ್ಟಿ ಒಮ್ಮೆ ಜಗ್ಗಿ ನೋಡಿ. ನೀರಿಗೆ ಬಿದ್ದಾಗ ತೇಲಬೇಕಾದದ್ದು ಅದು, ಗೋಡೆ ಮೇಲಿನ ಸರ್ಟಿಫಿಕೇಟ್ ಅಲ್ಲ.