ಕಂಚಿನೊಳಗಿನ ತೇಪೆ

ಕರೆಂಟ್ ಪ್ಯಾನೆಲ್ ಎಲ್ಲಿ ಬಿಸಿಯಾಗಿದೆ ಅಂತ ಥರ್ಮಲ್ ಕ್ಯಾಮೆರಾ ಹಿಡಿದು ನೋಡೋ ಗೆಳೆಯರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಅಂಥದ್ದೇ ಕ್ಯಾಮೆರಾ ಹಳೆಯ ಕಂಚಿನ ಪ್ರತಿಮೆಗಳ ಗುಟ್ಟನ್ನೂ ಹೇಳುತ್ತೆ ಅಂದರೆ ನಂಬ್ತೀರಾ?

1885ರಲ್ಲಿ ರೋಮ್‌ನ ಕ್ವಿರಿನಲ್ ಗುಡ್ಡದ ಮಣ್ಣಿನಡಿ ಒಬ್ಬ ಬಾಕ್ಸರ್‌ನ ಕಂಚಿನ ಪ್ರತಿಮೆ ಸಿಕ್ಕಿತು. ಸುಸ್ತಾಗಿ ಕೂತಿದ್ದಾನೆ, ಗಾಯದ ರಕ್ತ ತೋರಿಸಲು ಕೆಂಪು ತಾಮ್ರ ಕೂರಿಸಿದ್ದಾರೆ. ಆ ಕಾಲದ ಗ್ರೀಕ್ ಎರಕದವರು ಇಂಥ ದೊಡ್ಡ ಪ್ರತಿಮೆಗಳನ್ನು ಮೇಣದ ಅಚ್ಚಿನಿಂದ ತುಂಡು ತುಂಡಾಗಿ ಹೊಯ್ದು ಬೆಸೆಯುತ್ತಿದ್ದರು. ಗಾಳಿಗುಳ್ಳೆಯಿಂದ ತೂತು ಬಿದ್ದಲ್ಲಿ ಕಂಚಿನ ತೇಪೆ ಕೂರಿಸಿ, ಕಾಣದ ಹಾಗೆ ಉಜ್ಜುತ್ತಿದ್ದರು.

ಈಗ ಸಂಶೋಧಕರು ಇಂಥ ಪ್ರತಿಮೆಯ ಮೇಲ್ಮೈಯನ್ನು ದೀಪದಿಂದ ತುಸು ಬಿಸಿ ಮಾಡಿ, ಅದು ಆರುವುದನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಗಟ್ಟಿ ಕಂಚಿನಲ್ಲಿ ಶಾಖ ಬೇಗ ಒಳಕ್ಕೆ ಹರಿಯುತ್ತೆ. ತೇಪೆಯ ಸಂದು, ಒಳಗಿನ ಪೊಳ್ಳು ಅದನ್ನು ತಡೆಯುತ್ತೆ. ಆ ಜಾಗ ಇನ್ನೂ ಬೆಚ್ಚಗಿರುವುದು ಪರದೆ ಮೇಲೆ ಕಾಣುತ್ತೆ. ಕೆರೆಯೋದೂ ಬೇಡ, ಕೊರೆಯೋದೂ ಬೇಡ.

ಬಾಕ್ಸರ್‌ನನ್ನು ಮಾಡಿದವರ ಹೆಸರು ಉಳಿದಿಲ್ಲ. ಆದರೆ ಇಂಥ ಕೈಗಳು ಮುಚ್ಚಿಟ್ಟ ರಿಪೇರಿ ಎರಡು ಸಾವಿರ ವರ್ಷದ ಮೇಲೂ ಸಿಗುತ್ತೆ. ನಾವಿಲ್ಲಿ ಕಟ್ಟಿದ ಕಟ್ಟಡಗಳ ಮೇಲೂ ನಮ್ಮ ಹೆಸರಿಲ್ಲ. ಕೆಲಸ ಮಾತ್ರ ಅಲ್ಲೇ ಇರುತ್ತೆ, ಅಲ್ವಾ?