ನೌಕರರ ಪಿಂಚಣಿ ಯೋಜನೆ, 1995: 58ರ ನಂತರದ ದುಡಿಮೆ

ನೌಕರರ ಪಿಂಚಣಿ ಯೋಜನೆಯು ಭಾರತದ ಸಂಘಟಿತ ವಲಯದ ಕಾರ್ಮಿಕರಿಗೆ ಭವಿಷ್ಯ ನಿಧಿಯ ಮೂಲಕ ಮಾಸಿಕ ಪಿಂಚಣಿ ನೀಡುವ ಶಾಸನಬದ್ಧ ವ್ಯವಸ್ಥೆ. 1971ರ ಕುಟುಂಬ ಪಿಂಚಣಿ ಯೋಜನೆಯ ಬದಲಿಗೆ 1995ರ ನವೆಂಬರ್ 16ರಂದು ಜಾರಿಗೆ ಬಂತು. ಮಾಲೀಕರ ವಂತಿಗೆಯಲ್ಲಿ ವೇತನದ ಶೇ 8.33ರಷ್ಟು ಇದಕ್ಕೆ ಸಲ್ಲುತ್ತದೆ. 2014ರ ಸೆಪ್ಟೆಂಬರ್‌ನಿಂದ ವೇತನ ಮಿತಿ ತಿಂಗಳಿಗೆ 15,000 ರೂ.

ಕನಿಷ್ಠ 10 ವರ್ಷ ಸೇವೆ ಸಲ್ಲಿಸಿದವರು 58 ತುಂಬಿದಾಗ ಪಿಂಚಣಿಗೆ ಅರ್ಹರು. ಕೆಲಸ ಬಿಡಬೇಕೆಂಬ ಷರತ್ತಿಲ್ಲ; 10ಡಿ ನಮೂನೆ ಸಲ್ಲಿಸಿ ಸಂಬಳದ ಜೊತೆಗೇ ಪಿಂಚಣಿ ಪಡೆಯಬಹುದು. ಆಗ ಯೋಜನೆಯ ಸದಸ್ಯತ್ವ ಮುಗಿದು, ಮಾಲೀಕರ ಪೂರ್ತಿ ವಂತಿಗೆ ಭವಿಷ್ಯ ನಿಧಿ ಖಾತೆಗೆ ಹೋಗುತ್ತದೆ. 50ರಿಂದ 58ರೊಳಗೆ ಪಡೆಯುವ ಅವಧಿಪೂರ್ವ ಪಿಂಚಣಿಗೆ ಮಾತ್ರ ನೌಕರಿ ಬಿಟ್ಟಿರಬೇಕು. ಮೊತ್ತವೂ ವರ್ಷಕ್ಕೆ ಶೇ 4ರಂತೆ ಇಳಿಯುತ್ತದೆ.

2016ರಿಂದ ಪಿಂಚಣಿಯನ್ನು 60ರವರೆಗೆ ಮುಂದೂಡಲು ಅವಕಾಶವಿದ್ದು, ಪ್ರತಿ ವರ್ಷಕ್ಕೆ ಶೇ 4ರಷ್ಟು ಹೆಚ್ಚಳ ದೊರೆಯುತ್ತದೆ. ಪಿಂಚಣಿಯೋಗ್ಯ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಲೆಕ್ಕದ ಕ್ರಮ: 14,000 ರೂ. ವೇತನ, 10 ವರ್ಷದ ಸೇವೆಗೆ 2,000 ರೂ.; ವಂತಿಗೆ ಕಟ್ಟದೆ ಒಂದು ವರ್ಷ ಕಾದರೆ 2,080 ರೂ. ಕಾದವರಿಗೆ ಸಿಗುವ ಈ ಹೆಚ್ಚಳ ಅಲ್ಪವೇ. ಆ ವರ್ಷ ಕೈಬಿಟ್ಟ ಪಿಂಚಣಿ 24,000 ರೂ. ತುಂಬಿಬರಲು 25 ವರ್ಷ ಬೇಕು.

ಕರ್ನಾಟಕವು 2017ರಲ್ಲಿ ಖಾಸಗಿ ಉದ್ದಿಮೆಗಳ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದರಿಂದ ಇಲ್ಲಿನ ಅನೇಕ ಕಾರ್ಮಿಕರಿಗೆ ಈ ಎರಡು ವರ್ಷಗಳ ಆಯ್ಕೆ ನೇರವಾಗಿ ಅನ್ವಯಿಸುತ್ತದೆ. ಪಿಂಚಣಿಗೆ ತುಟ್ಟಿಭತ್ಯೆ ಸೇರುವುದಿಲ್ಲ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು.